ಹಳೇ ಜಪಾನಿ ಗಿಟಾರ್‌ಗೆ ಅರಗಿನ ಪಾಲಿಶ್ ಹಿಡಿಸಿದ್ದು

ಹಳೇ ಎಲೆಕ್ಟ್ರಿಕ್ ಗಿಟಾರ್ ಒಂದಕ್ಕೆ ನಾನೇ ಕೈಯಲ್ಲಿ ಅರಗು, ಅಂದರೆ ಶೆಲ್ಯಾಕ್, ಹಚ್ಚಿ ಹದಿನಾಲ್ಕು ತಿಂಗಳಾಯಿತು. ಗಿಟಾರ್ ಇವತ್ತಿಗೂ ಹಾಗೇ ಇದೆ. ಅಂಟುತ್ತಿಲ್ಲ, ಬಿಳಿಚಿಲ್ಲ, ಮೊಣಕೈ ತಾಗುವ ಜಾಗದಲ್ಲೂ ಹೊಳಪು ಹೋಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ 'ಒಂದು ಮಳೆಗಾಲ ಕಳೀಲಿ, ಆಮೇಲೆ ಮಾತಾಡೋಣ' ಅನ್ನುವವರೇ ಜಾಸ್ತಿ ಇದ್ದರು. ಮಳೆಗಾಲವೂ ಕಳೆಯಿತು.

ಬೇಡ ಅಂದವರು ಒಬ್ಬಿಬ್ಬರಲ್ಲ. ಕಾರಿಗೆ ಪೇಂಟ್ ಹೊಡೆಯುವವರು ಒಬ್ಬರು ಆರು ಸಾವಿರ ಕೊಡಿ, ಪಿಯು (ಪಾಲಿಯುರೆಥೇನ್) ಹೊಡೆದು ಕನ್ನಡಿ ಥರ ಮಾಡಿಕೊಡ್ತೀನಿ ಅಂದರು. ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬರು, "ಶೆಲ್ಯಾಕ್ ಕುರ್ಚಿ ಮೇಜಿಗೆ ಸರಿ ಸಾರ್, ಸ್ಟೇಜ್ ಮೇಲಿನ ಬೆವರಿಗೆ ನಿಲ್ಲಲ್ಲ" ಎಂದರು. ಅದರಲ್ಲಿ ಪೂರ್ತಿ ಸುಳ್ಳೇನಿಲ್ಲ. ಆದರೆ ನೈಲಾನ್ ತಂತಿಯ ಸ್ಪ್ಯಾನಿಶ್ ಗಿಟಾರ್‌ಗಳಿಗೆ ತಲೆಮಾರುಗಳಿಂದ ಹಚ್ಚುತ್ತಿರುವುದು ಇದೇ ಅರಗು. ಇನ್ನು ನಾನಿರುವುದು ಮೈಸೂರಿನಲ್ಲಿ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಮಾಡುವ ನಮ್ಮೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅನ್ನುವ ಹೆಸರಿನಲ್ಲಿ. ಲ್ಯಾಕ್ ಅಂದರೆ ಅರಗೇ. ಮಂಡಿ ಮೊಹಲ್ಲಾದಲ್ಲಿ ಮರದೊಳಗೆ ಚಿತ್ತಾರ ಕೂರಿಸುವ ಇನ್ಲೇ ಕೆಲಸದವರ ಹತ್ತಿರ ಹೋದರೆ ಬೀಟೆ ಮರಕ್ಕೆ ಕೈಯಲ್ಲೇ ಪಾಲಿಶ್ ಏರಿಸುವುದನ್ನು ಕಣ್ಣಾರೆ ನೋಡಬಹುದು. ಈ ಊರಲ್ಲಿದ್ದುಕೊಂಡು ಅರಗು ಬಿಟ್ಟು ಬೇರೆ ಯಾಕೆ ಹುಡುಕಲಿ?

ಗಿಟಾರ್ ಬಗ್ಗೆ ಎರಡು ಮಾತು. 1975ರ ಆಸುಪಾಸಿನ ಜಪಾನಿ ಮಾಲು, ಫೆಂಡರ್ ಕಂಪನಿಯ ಸ್ಟ್ರಾಟ್ (ಸ್ಟ್ರಾಟೊಕಾಸ್ಟರ್) ಎಲೆಕ್ಟ್ರಿಕ್ ಗಿಟಾರ್‌ನ ಮಾದರಿ. ಬೆಂಗಳೂರು ಕಂಟೋನ್ಮೆಂಟ್ ಕಡೆಯ ಒಂದು ಮನೆಯಿಂದ ಹದಿನಾರು ಸಾವಿರಕ್ಕೆ ತಂದೆ. ಯಾರೋ ಪುಣ್ಯಾತ್ಮರು ಅದಕ್ಕೆ ಬ್ರಷ್‌ನಲ್ಲಿ ಕಪ್ಪು ಎನಾಮೆಲ್ ಬಳಿದಿದ್ದರು, ಗೇಟಿಗೆ ಬಳಿಯುತ್ತಾರಲ್ಲ ಹಾಗೆ. ಪಿಕ್‌ಗಾರ್ಡ್, ಅಂದರೆ ಬಾಡಿ ಮೇಲಿನ ತೆಳು ಹಲಗೆ, ಬಿಚ್ಚಿದಾಗ ಅದರಡಿಯಲ್ಲಿ ಅಂಗೈ ಅಗಲ ಹಳೇ ಸನ್‌ಬರ್ಸ್ಟ್ ಬಣ್ಣ ಹಾಗೇ ಉಳಿದಿತ್ತು. ನಡುವೆ ಜೇನಿನ ಹಳದಿ, ಅಂಚಿಗೆ ಹೋಗುತ್ತಾ ಕಂದು. ಅದನ್ನು ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮೂಲ ಬಣ್ಣ ಎಷ್ಟೇ ಸವೆದಿರಲಿ, ಇದ್ದರೆ ಮುಟ್ಟಬೇಡಿ. ಹಳೇ ಫೆಂಡರ್‌ಗಳಲ್ಲಿ ಬಣ್ಣ ಕೆರೆದು ಮತ್ತೆ ಹಚ್ಚಿದರೆ ಬೆಲೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನನ್ನದು ಮೊದಲೇ ಹಾಳಾಗಿದ್ದರಿಂದ ಕೈ ಹಾಕಿದೆ.

ಎನಾಮೆಲ್ ಸುಲಭವಾಗಿ ಬಂತು. ಅದರ ಕೆಳಗಿನ ಪಾಲಿಯೆಸ್ಟರ್ ಮಾತ್ರ ಜೀವ ತೆಗೆಯಿತು. ಪೇಂಟ್ ರಿಮೂವರ್‌ಗೆ ಸುಮ್ನೆ ಏಳು ನೂರು ಹೋಯಿತು, ಒಂದು ಚೂರೂ ಕದಲಲಿಲ್ಲ. ಕೊನೆಗೆ ಹೀಟ್ ಗನ್ನೇ ಗತಿ. ಕಾಯಿಸಿದರೆ ಗುಳ್ಳೆ ಏಳುತ್ತದೆ, ಏಳುತ್ತಿದ್ದ ಹಾಗೇ ಪುಟ್ಟಿ ಎಳೆಯುವ ಬ್ಲೇಡ್ ತೂರಿಸಬೇಕು. ಸರಿಯಾಗಿ ಕೂತರೆ ಬಿಸ್ಕತ್ತಿನಷ್ಟು ದಪ್ಪದ ಹಾಳೆ ಹಾಳೆಯೇ ಬರುತ್ತದೆ. ಬಾಡಿಯ ಮೇಲಿನ ಕೊಂಬಿನ (ಚಾಚಿಕೊಂಡ ಮೂಲೆಯ) ಹತ್ತಿರ ಐದಾರು ಸೆಕೆಂಡ್ ಜಾಸ್ತಿ ನಿಲ್ಲಿಸಿಬಿಟ್ಟೆ, ಮರ ಕಂದಿತು. ಆ ಕಲೆ ಇವತ್ತಿಗೂ ಇದೆ, ಸನ್‌ಬರ್ಸ್ಟಿನ ಕಪ್ಪಂಚಿನ ಅಡಿಯಲ್ಲಿ ಮುಚ್ಚಿಹೋಗಿದೆ. ಎರಡು ದಿನ ತಾರಸಿ ಮೇಲೆ, ಮಾಸ್ಕ್ ಹಾಕಿಕೊಂಡು ಮಾಡಿದ ಕೆಲಸ. ಮನೆಯೊಳಗೆ ಮಾಡಬೇಡಿ, ಹಳೇ ಬಣ್ಣದಲ್ಲಿ ಸೀಸ ಇದ್ದರೂ ಇರಬಹುದು.

ಒಳಗೆ ಸಿಕ್ಕಿದ್ದು ಸೆನ್ ಅನ್ನುವ ಜಪಾನಿ ಮರ, ಮೂರು ತುಂಡು ಅಂಟಿಸಿದ್ದು. ನೋಡಲು ಆಶ್ ಮರದ ಥರವೇ, ಉದ್ದುದ್ದ ಗೆರೆ, ದೊಡ್ಡ ದೊಡ್ಡ ರಂಧ್ರ. ಅಂದವೂ ಅದರಲ್ಲೇ, ಕಷ್ಟವೂ ಅದರಲ್ಲೇ.

ಮೊದಲ ಸೋಲು ಆ ರಂಧ್ರಗಳದ್ದು. ನಮ್ಮ ಬಡಗಿಗಳು ಮಾಡುವ ಹಾಗೆ ಚಾಕ್ ಪೌಡರ್‌ಗೆ ಸ್ವಲ್ಪ ಬಣ್ಣ ಕಲಸಿ ತುಂಬಿದೆ. ಒಣಗಿದಾಗ ಚೆನ್ನಾಗೇ ಕಂಡಿತು. ಬಣ್ಣ ಕೊಟ್ಟ ಮೇಲೆ ನೋಡಿದರೆ ಪ್ರತಿ ಗೆರೆಯಲ್ಲೂ ಬೂದು ಬಳಿದ ಹಾಗೆ ಬಿಳಿ. ಎಲ್ಲ ಕೆರೆದು ತೆಗೆಯಲು ನಾಲ್ಕು ಭಾನುವಾರ ಬೇಕಾಯಿತು.

ಎರಡನೇ ಸೋಲು ಇನ್ನೂ ದೊಡ್ಡದು. ಸನ್‌ಬರ್ಸ್ಟ್‌ಗೆ ಸ್ಪಿರಿಟ್‌ನಲ್ಲಿ ಕರಗುವ ಬಣ್ಣದ ಪುಡಿ ತಂದಿದ್ದೆ. ಸ್ಪ್ರೇ ಇಲ್ಲದೆ, ಬರೀ ಬಟ್ಟೆಯಲ್ಲಿ, ಹಳದಿಯಿಂದ ಕಪ್ಪಿನವರೆಗೆ ಎಷ್ಟು ನಯವಾಗಿ ಬಂತು ಅಂದರೆ ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿದ್ದೇನೆ. ಬೆಳಿಗ್ಗೆ ಅದರ ಮೇಲೆ ಅರಗು ಹಚ್ಚಲು ಕೂತೆ. ಎರಡನೇ ಸುತ್ತಿಗೇ ಕಪ್ಪು ಎಳೆದುಕೊಂಡು ಹಳದಿಯೊಳಗೆ ಹರಿಯಿತು. ಅರಗು ಕರಗಿರುವುದೇ ಸ್ಪಿರಿಟ್‌ನಲ್ಲಿ, ಬಣ್ಣವೂ ಅದರಲ್ಲೇ ಕರಗುತ್ತದೆ, ಇನ್ನೇನಾಗುತ್ತದೆ? ಗೊತ್ತಿರಬೇಕಾದ ವಿಷಯ, ಆದರೂ ತಪ್ಪಿದೆ. ಬ್ಯಾಂಡಿನ ಗೆಳೆಯರು ಆಗಲೇ ಕಪ್ಪು ಹೊಡೆಸಿಬಿಡು ಅಂತ ಶುರು ಹಚ್ಚಿಕೊಂಡದ್ದು.

ದಾರಿ ಸಿಕ್ಕಿದ್ದು ಇಲ್ಲೇ. ನೀರಿನಲ್ಲಿ ಕರಗುವ ಬಣ್ಣ ಕೆಳಗೆ, ಸ್ಪಿರಿಟ್‌ನ ಅರಗು ಮೇಲೆ. ಒಂದು ಇನ್ನೊಂದನ್ನು ಕರಗಿಸುವುದಿಲ್ಲ. ನೀರು ತಾಗಿದರೆ ಮರದ ನಾರು ನೆಟ್ಟಗೆ ಏಳುತ್ತದೆ, ಅದಕ್ಕೇ ಬಣ್ಣಕ್ಕೆ ಮೊದಲೇ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, 320 ನಂಬರಿನ ಉಪ್ಪುಕಾಗದ ಹಗುರವಾಗಿ ಆಡಿಸಿದೆ. ಆಮೇಲೆ ಇಡೀ ಬಾಡಿಗೆ ಹಳದಿ. ಅದು ಹಸಿ ಇರುವಾಗಲೇ ಅಂಚಿನಿಂದ ಒಳಕ್ಕೆ ಕಂದು. ಕೊನೆಗೆ ಬರೀ ಅಂಚಿಗೆ ಕಪ್ಪು. ಕಂದು ಹಳದಿಗೆ ಸೇರುವ ಜಾಗದಲ್ಲಿ ಗೆರೆ ಬೀಳದ ಹಾಗೆ ನೀರಿಗೆ ಒಂದು ವಸ್ತು ಕೆಲವೇ ಹನಿ ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಅಡುಗೆಮನೆಯಲ್ಲೇ ಇರುವಂಥದ್ದು ಅಂದರೆ ಸಾಕು.

ಬಣ್ಣ ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿದ್ದೆ. ಏಳೆಂಟು ಮರದ ಪಟ್ಟಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಅರ್ಧ ಭಾಗಕ್ಕೆ ಕಾಗದ ಸುತ್ತಿ, ಏಪ್ರಿಲ್ ಬಿಸಿಲಿಗೆ ತಾರಸಿಯಲ್ಲಿಟ್ಟೆ. ತಿಂಗಳಲ್ಲಿ ಕೆಂಪು ಎಲ್ಲವೂ ಮಾಸಿತು, ಒಂದಂತೂ ಪೂರ್ತಿ ಹೋಯಿತು. ಫೆಂಡರ್‌ನವರು 1958ರಲ್ಲಿ ಸನ್‌ಬರ್ಸ್ಟ್‌ಗೆ ಕೆಂಪು ಸೇರಿಸಿದಾಗಲೂ ಇದೇ ಆಗಿತ್ತು. ಆ ಕಾಲದ ಎಷ್ಟೋ ಗಿಟಾರ್‌ಗಳಲ್ಲಿ ಕೆಂಪು ಆರಿಹೋಗಿ ಹಳದಿ, ಕಪ್ಪು ಎರಡೇ ಉಳಿದಿವೆ. ಹಾಗಾಗಿ ನಾನು ಕೆಂಪಿನ ಸಹವಾಸಕ್ಕೆ ಹೋಗಲಿಲ್ಲ.

ಈಗ ಅರಗು. ಮೇಣ ತೆಗೆದ ಅರಗಿನ ಚಕ್ಕೆ ದುಬಾರಿ. ನಾನು ಮಾಮೂಲಿ ಚಕ್ಕೆಯನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ ಗಾಜಿನ ಭರಣಿಯಲ್ಲಿ ಎರಡು ವಾರ ಅಲ್ಲಾಡಿಸದೆ ಇಡುತ್ತೇನೆ. ಮೇಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಸಣ್ಣ ನಳಿಗೆಯಲ್ಲಿ ಎಳೆದುಕೊಂಡರೆ ಆಯಿತು. ಅಳತೆ ಸುಮಾರಾಗಿ ಅರ್ಧ ಲೀಟರ್‌ಗೆ ನೂರು ಗ್ರಾಂ, ಕೊನೆ ಕೊನೆಗೆ ಅದರ ಅರ್ಧ. ಮೊದಲ ಸಲ ಸ್ಪಿರಿಟ್ ಅಂತ ಮೆಡಿಕಲ್ ಶಾಪಿನ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಕೆಟ್ಟೆ. ಅದರಲ್ಲಿ ಉಳಿದ ಮೂವತ್ತು ನೀರೇ ಅಲ್ವಾ, ಬಾಡಿ ಪೂರ್ತಿ ತೆಳು ಮಜ್ಜಿಗೆ ಸವರಿದ ಹಾಗೆ ಬಿಳಿಚಿತು. 99 ಪರ್ಸೆಂಟಿನದೇ ಬೇಕು, ಲೀಟರ್‌ಗೆ ನಾನೂರರ ಹತ್ತಿರ ಕೊಟ್ಟ ನೆನಪು. ಇನ್ನೊಂದು, ಕರಗಿಸಿಟ್ಟ ಅರಗು ಹಳತಾದರೆ ಒಣಗುವುದೇ ಇಲ್ಲ. ವರ್ಷದ ಹಿಂದಿನ ಬಾಟಲಿ ಬಳಸಿ ಬಾಡಿಯ ಹಿಂಭಾಗ ಮೂರು ವಾರ ಅಂಟಂಟಾಗೇ ಇತ್ತು. ಈಗ ಬಾಟಲಿ ಮೇಲೆ ತಾರೀಕು ಬರೆಯುತ್ತೇನೆ, ಆರು ತಿಂಗಳು ದಾಟಿದರೆ ಚೆಲ್ಲುತ್ತೇನೆ.

ಕೈ ಕೆಲಸ ಕಲಿಸಿದ್ದು ಮಂಡಿ ಮೊಹಲ್ಲಾದ ಒಬ್ಬ ಚಾಚಾ. ನಲವತ್ತು ವರ್ಷದಿಂದ ಪಾಲಿಶ್ ಹಿಡಿದವರು. ಹತ್ತಿಯನ್ನು ಹಳೇ ಮಲ್ ಬಟ್ಟೆಯಲ್ಲಿ ಸುತ್ತಿ ಉಂಡೆ ಕಟ್ಟಿ ಕೈಗಿಟ್ಟರು. ನಾನು ಒತ್ತಿ ತಿಕ್ಕಲು ಹೋದೆ. "ಉಜ್ಜಬೇಡ ಬೇಟಾ, ಸವರು. ಮಗು ತಲೆ ಸವರೋ ಹಾಗೆ" ಅಂದರು. ಉಂಡೆಯನ್ನು ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ತಂಪು ಹತ್ತಬೇಕು, ಒದ್ದೆ ಹತ್ತಬಾರದು, ಅಷ್ಟೇ ಅಳತೆ. ಉಂಡೆ ಮರದ ಮೇಲೆ ಒಂದು ಕ್ಷಣವೂ ನಿಲ್ಲಬಾರದು. ನಿಂತರೆ ಅಂಟುತ್ತದೆ, ಕಿತ್ತರೆ ಬಟ್ಟೆಯ ಗುರುತು ಉಳಿಯುತ್ತದೆ. ವಿಮಾನ ಇಳಿದು ನಿಲ್ಲದೆ ಮತ್ತೆ ಏರಿದ ಹಾಗೆ ಸವರಿಕೊಂಡೇ ಬರಬೇಕು, ಸವರಿಕೊಂಡೇ ಏಳಬೇಕು. ಒಳ್ಳೆಯ ಸುತ್ತು ಬಿದ್ದಾಗ ಉಂಡೆಯ ಹಿಂದೆಯೇ ಬಾಯಿಯ ಹಬೆ ಬಿದ್ದಂಥ ಮಸುಕು ಸಾಗುತ್ತದೆ, ಒಂದೆರಡು ಸೆಕೆಂಡಿನಲ್ಲಿ ಆರುತ್ತದೆ. ಅದು ಕಂಡಿತೋ, ಕೈ ಸರಿಯಾಗಿದೆ ಅಂತ ಲೆಕ್ಕ.

ರಂಧ್ರ ತುಂಬಿದ್ದೂ ಹೀಗೇ, ಬಣ್ಣದ ಮೇಲೆ ಒಂದೆರಡು ತೆಳು ಕೋಟ್ ಅರಗು ಕೂತಮೇಲೆ ಪ್ಯೂಮಿಸ್ ಅನ್ನುವ ಹಗುರ ಕಲ್ಲಿನ ಪುಡಿ ಚಿಟಿಕೆ ಚಿಟಿಕೆ ಉದುರಿಸಿ ಅದೇ ಉಂಡೆಯಲ್ಲಿ ಸುತ್ತಿ ಸುತ್ತಿ. ಅರಗು ಹೀರಿಕೊಂಡ ಪ್ಯೂಮಿಸ್ ಪಾರದರ್ಶಕವಾಗುತ್ತದೆ, ಚಾಕ್ ಥರ ಬಿಳಿ ಕಾಣುವುದಿಲ್ಲ. ಬರೀ ಇದಕ್ಕೇ ಹನ್ನೆರಡು ದಿನ ಹಿಡಿಯಿತು.

ಉಂಡೆ ಹಿಡಿಯದಿರಲು ಒಂದು ಹನಿ ಎಣ್ಣೆ ಬೇಕು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಳಸಿ ನೋಡಿದೆ. ಮಧ್ಯಾಹ್ನ ಚೆನ್ನಾಗಿ ಜಾರಿತು. ಡಿಸೆಂಬರ್ ಬೆಳಿಗ್ಗೆ ಎದ್ದು ನೋಡಿದರೆ ಬಾಡಿ ಮೇಲೆಲ್ಲ ಮಂಜು ಕವಿದ ಹಾಗೆ ಕಲೆ! ಬಾತ್‌ರೂಮಿನಲ್ಲಿ ಎಣ್ಣೆ ಬಾಟಲಿ ಹೆಪ್ಪುಗಟ್ಟಿದ್ದನ್ನು ನೋಡಿದಾಗ ಅರ್ಥವಾಯಿತು. ಆಮೇಲೆ ಲಿಕ್ವಿಡ್ ಪ್ಯಾರಾಫಿನ್‌ಗೆ ಬಂದೆ, ಅದೇ ಒಳ್ಳೆಯದು. ಕೊನೆಗೆ ಬರೀ ಸ್ಪಿರಿಟ್ ತಾಗಿಸಿದ ಉಂಡೆಯಲ್ಲಿ ಎಣ್ಣೆ ಎಳೆದುಬಿಡಬೇಕು.

ದಿನಕ್ಕೆ ಎರಡು ಸಲ, ಮುಕ್ಕಾಲು ಮುಕ್ಕಾಲು ಗಂಟೆ, ಐದು ವಾರ. ಎಷ್ಟು ಪದರ ಅಂತ ಎಣಿಸುವುದನ್ನು ಐವತ್ತರ ನಂತರ ಬಿಟ್ಟೆ. ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಕೂರುವ ಗುಂಡಿಗೆ ಮಾತ್ರ ಟೇಪ್ ಹಾಕಿ ಬಿಟ್ಟಿದ್ದೆ, ಅಲ್ಲಿ ಪಾಲಿಶ್ ಸೇರಿದರೆ ನೆಕ್ ಸರಿಯಾಗಿ ಕೂರುವುದಿಲ್ಲ. ಬೆವರಿನ ಪ್ರಶ್ನೆಗೆ ಉತ್ತರ ಕೊನೆಯ ನಾಲ್ಕೈದು ದಿನದ ಕೋಟಿನಲ್ಲಿದೆ. ಅರಗಿನ ಜೊತೆ ಇನ್ನೊಂದು ರಾಳ ಸೇರಿಸಿ ಗಟ್ಟಿ ಮಾಡಿದ್ದೇನೆ. ಅದರ ಹೆಸರು, ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆರು ಸಲ ಕೆಡಿಸಿ ಕಂಡುಕೊಂಡದ್ದು.

ಆದರೂ ಮೂರನೇ ಸೋಲು ಕಾದಿತ್ತು. ಮುಟ್ಟಿದರೆ ಒಣಗಿದೆ ಅನ್ನಿಸಿತು, ಹತ್ತೇ ದಿನಕ್ಕೆ ತಂತಿ ಕಟ್ಟಿ ಬ್ಯಾಗಿಗೆ ಹಾಕಿದೆ. ಸಂಜೆ ತೆಗೆದಾಗ ಬಾಡಿಯ ಹಿಂಭಾಗದಲ್ಲಿ ಬ್ಯಾಗಿನ ಬಟ್ಟೆಯ ನೇಯ್ಗೆ ಅಚ್ಚು ಒತ್ತಿದ ಹಾಗೆ ಮೂಡಿತ್ತು, ಒಂದೊಂದು ಎಳೆಯೂ ಕಾಣುವ ಹಾಗೆ. ಪುಣ್ಯಕ್ಕೆ ಅರಗಿನಲ್ಲಿ ಎಲ್ಲವನ್ನೂ ತಿದ್ದಬಹುದು. ಎರಡು ದಿನ ಮತ್ತೆ ಸವರಿ ಸಮ ಮಾಡಿ, ಈ ಸಲ ಆರು ವಾರ ತಂತಿಗೆ ನೇತುಹಾಕಿ ಬಿಟ್ಟೆ. ಆಮೇಲೆ ತೊಂದರೆ ಇಲ್ಲ.

ನಡುವೆ ಇನ್ನೊಂದು ಪ್ರಯೋಗ. ಪ್ಲಾಸ್ಟಿಕ್ ನಾಬ್ ಮೂರೂ ಒಡೆದಿದ್ದವು. ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಮಾಡುವ ಒಬ್ಬರಲ್ಲಿ ಹಾಲೆ ಮರದ ಮೂರು ನಾಬ್ ಕಡೆಸಿಕೊಂಡು ಬಂದೆ. ಲೇತ್ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಾಟದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ಒಣಗಿದ ಎಲೆಯ ಗರಿ ಒತ್ತಿದರೆ ಹೊಳಪು. ಮೂರಕ್ಕೂ ಸೇರಿ ಹತ್ತು ನಿಮಿಷವೂ ಆಗಲಿಲ್ಲ, ಇನ್ನೂರು ರೂಪಾಯಿ ಕೊಟ್ಟೆ. ಬಾಡಿಯೂ ಅರಗು, ನಾಬೂ ಅರಗು. ಇಂಥ ಜಪಾನಿ ಗಿಟಾರ್ ಇನ್ನೊಂದು ಇದ್ದರೆ ತೋರಿಸಿ.

ಖರ್ಚು: ಅರಗು, ಸ್ಪಿರಿಟ್, ಬಣ್ಣ, ಪ್ಯೂಮಿಸ್, ಉಪ್ಪುಕಾಗದ ಎಲ್ಲ ಸೇರಿ ಮೂರು ಸಾವಿರದ ಒಳಗೆ. ಹೀಟ್ ಗನ್ ಸಾವಿರದ ಆರುನೂರು, ಅದು ಉಳಿದುಕೊಂಡಿತು. ಕೆಡಿಸಿದ್ದರ ಲೆಕ್ಕ ಬೇರೆ, ನಾಲ್ಕೂವರೆ ಸಾವಿರ ಇರಬೇಕು. ಸೇರಿಸಿದರೆ ಪಿಯುಗಿಂತ ಜಾಸ್ತಿಯೇ ಆಯಿತು. ಆದರೆ ಎರಡನೇ ಗಿಟಾರ್‌ಗೆ ಬರೀ ಮೂರು ಸಾವಿರ.

ಇದರ ಶತ್ರು ಬೆವರಲ್ಲ, ಸ್ಯಾನಿಟೈಸರ್. ಹೋದ ತಿಂಗಳು ಕಾರ್ಯಕ್ರಮಕ್ಕೆ ಮುಂಚೆ ಯಾರೋ ಒದ್ದೆ ಕೈಯಲ್ಲೇ ಎತ್ತಿಕೊಂಡರು. ಕೆಳಗಿನ ಕೊಂಬಿನ ಮೇಲೆ ನಾಲ್ಕು ಬೆರಳು ಹಾಗೇ ಕೂತಿತು. ಮನೆಗೆ ಬಂದು ಉಂಡೆ ಕಟ್ಟಿ ಇಪ್ಪತ್ತು ನಿಮಿಷ ಸವರಿದೆ, ಗುರುತು ಹೋಯಿತು. ಪಿಯು ಆಗಿದ್ದರೆ ಸ್ಯಾನಿಟೈಸರ್‌ಗೆ ಜಗ್ಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಚಕ್ಕೆ ಎದ್ದರೆ ಸುತ್ತಲಿನದಕ್ಕೆ ಬೆರೆಯುವ ಹಾಗೆ ತಿದ್ದಲು ಬರುವುದಿಲ್ಲ.

ಕಪ್ಪು ಹೊಡೆಸು ಅಂದಿದ್ದ ನಮ್ಮ ಬೇಸ್ ವಾದಕನ ಬಾಡಿ ಈಗ ನನ್ನ ತಾರಸಿ ಕೋಣೆಯಲ್ಲಿ ಬೆತ್ತಲೆ ನೇತಾಡುತ್ತಿದೆ. ಮಳೆ ಪೂರ್ತಿ ನಿಲ್ಲಲಿ ಅಂತ ಕಾಯುತ್ತಿದ್ದೇನೆ. ಭರಣಿಯಲ್ಲಿ ಮೇಣ ತಳಕ್ಕೆ ಕೂತು ಮೂರು ದಿನವಾಯಿತು.