ಮೂಗು ಬಿಟ್ಟು ಗಡಿಯಾರ ನೋಡಿ: ಅಡುಗೆಮನೆ ಊಟದಿಂದ ಹೊಟ್ಟೆ ಕೆಡದ ಹಾಗೆ ನೋಡ್ಕೊಳ್ಳೋದು ಹೇಗೆ

ನಮ್ಮ ಮನೆಗಳಲ್ಲಿ ಊಟ ಕೆಟ್ಟಿದೆಯೋ ಇಲ್ವೋ ಅಂತ ನೋಡೋಕೆ ಇರೋದು ಒಂದೇ ಟೆಸ್ಟು, ಮುಚ್ಚಳ ತೆಗೆದು ಮೂಸಿ ನೋಡೋದು. "ವಾಸ್ನೆ ಏನೂ ಬಂದಿಲ್ಲ ಬಿಡು, ಒಂದು ಕುದಿ ಕುದಿಸಿದ್ರೆ ಆಯ್ತು" ಅಂತ ತೀರ್ಪು ಕೊಟ್ಟು ಬಡಿಸಿಬಿಡ್ತೀವಿ. ತೊಂದ್ರೆ ಏನಪ್ಪಾ ಅಂದ್ರೆ, ಊಟ ಹಳಸೋ ಹಾಗೆ ಮಾಡೋ ಬ್ಯಾಕ್ಟೀರಿಯಾನೇ ಬೇರೆ, ನಮ್ಮನ್ನ ಎರಡು ದಿನ ಹಾಸಿಗೆ ಹಿಡಿಸೋ ಬ್ಯಾಕ್ಟೀರಿಯಾನೇ ಬೇರೆ. ಹಳಸಿದ್ದು ನಾರತ್ತೆ, ಲೋಳೆ ಬರತ್ತೆ, ಗೊತ್ತಾಗತ್ತೆ. ಎರಡನೇ ಜಾತಿಯವು ರುಚಿನೂ ಕೆಡಿಸಲ್ಲ ಬಣ್ಣನೂ ಬದಲಾಯಿಸಲ್ಲ, ಸುಮ್ನೆ ಕೂತಿರ್ತವೆ. ಹಾಗಾಗಿ ಈ ವಿಷಯದಲ್ಲಿ ಮೂಗನ್ನ ನಂಬೋಕಿಂತ ಗಡಿಯಾರನ ನಂಬೋದು ಒಳ್ಳೇದು.

ಲೆಕ್ಕ ಇಷ್ಟೇ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ಮಧ್ಯೆ ಇರೋ ಊಟದಲ್ಲಿ ಬ್ಯಾಕ್ಟೀರಿಯಾ ಜೋರಾಗಿ ಬೆಳೀತವೆ, ಅನುಕೂಲ ಸಿಕ್ರೆ ಕೆಲವು 20 ನಿಮಿಷಕ್ಕೊಂದ್ಸಲ ಡಬಲ್ ಆಗ್ತವೆ. ನಮ್ಮ ಅಡುಗೆ ಕಟ್ಟೆ ವರ್ಷದ 12 ತಿಂಗಳೂ ಆ ಮಧ್ಯದಲ್ಲೇ ಇರತ್ತೆ. ಅದಕ್ಕೇ ಬೇಯಿಸಿದ್ದನ್ನ ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರ್ದು, ಸೆಕೆ 32 ಡಿಗ್ರಿ ದಾಟಿದ್ರೆ 1 ಗಂಟೆ ಅಷ್ಟೇ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯವರಿಗೆ ಈ 1 ಗಂಟೆ ರೂಲೇ ರೂಲು, ಬೆಂಗಳೂರಿನವರೂ ಈಗೀಗ ತುಂಬ ಬೀಗೋ ಹಾಗಿಲ್ಲ.

ಮೊದ್ಲು ಕೈ, ಆಮೇಲೆ ಬಟ್ಟೆ

ಕೈ ತೊಳೆಯೋದನ್ನ ಏನು ಹೇಳಿಕೊಡ್ತೀರಾ ಅಂತೀರಾ, ಆದ್ರೆ ನಲ್ಲಿ ಕೆಳಗೆ ಎರಡು ಸೆಕೆಂಡ್ ಕೈ ತೋರಿಸಿ ಸೀರೆ ಸೆರಗಿಗೋ ನೈಟಿಗೋ ಒರೆಸ್ಕೊಳ್ಳೋದು ತೊಳೆದ ಹಾಗಲ್ಲ. ಸೋಪು ಹಾಕಿ ಕನಿಷ್ಠ 20 ಸೆಕೆಂಡ್, ಬೆರಳ ಸಂದಿ, ಉಗುರಿನ ಒಳಗೆ, ಉಂಗುರದ ಕೆಳಗೆ. ಅಡುಗೆ ಶುರು ಮಾಡೋ ಮುಂಚೆ ಎಲ್ರೂ ತೊಳೀತಾರೆ, ಮಧ್ಯದಲ್ಲಿ ಮರೀತಾರೆ. ಹಸಿ ಕೋಳಿ ಮುಟ್ಟಿದ್ಮೇಲೆ, ಮೊಟ್ಟೆ ಒಡೆದ್ಮೇಲೆ, ಮೂಗು ಒರೆಸಿದ್ಮೇಲೆ, ಮತ್ತೆ ರೆಸಿಪಿ ವಿಡಿಯೋ ಪಾಸ್ ಮಾಡೋಕೆ ಮೊಬೈಲ್ ಮುಟ್ಟಿದ್ಮೇಲೆ. ಬಸ್ಸು, ಆಫೀಸು, ಬಾತ್‌ರೂಮು ಎಲ್ಲ ಸುತ್ತಿ ಬಂದಿರೋ ಆ ಫೋನು ಹಿಟ್ಟಿನ ಡಬ್ಬದ ಪಕ್ಕ ಕೂತಿರತ್ತೆ, ಅದನ್ನ ಯಾರೂ ಕೊಳಕು ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಕೈಮೇಲೆ ಗಾಯ, ಕೀವು ಗುಳ್ಳೆ ಇದ್ರೆ ಪ್ಲಾಸ್ಟರ್ ಹಾಕಿ ಮೇಲೆ ಗ್ಲೌಸ್ ಹಾಕ್ಕೊಳ್ಳಿ. ಚರ್ಮದಲ್ಲಿ, ಮೂಗಲ್ಲಿ ಇರೋ ಸ್ಟ್ಯಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಊಟದಲ್ಲಿ ಬಿಡೋ ವಿಷ ಆಮೇಲೆ ಕುದಿಸಿದ್ರೂ ಹೋಗಲ್ಲ.

ಇನ್ನು ಆ ಮಸಿಬಟ್ಟೆ. ಬಿಸಿ ಪಾತ್ರೆ ಇಳಿಸೋಕೂ ಅದೇ, ಕಟ್ಟೆ ಒರೆಸೋಕೂ ಅದೇ, ತಟ್ಟೆ ಒರೆಸೋಕೂ ಅದೇ, ಹಾಲು ಉಕ್ಕಿದ್ರೂ ಅದೇ. ಒದ್ದೆಯಾಗಿ ಮುದ್ದೆಯಾಗಿ ಸಿಂಕ್ ಮೂಲೇಲಿ ಬಿದ್ದಿರೋ ಆ ಬಟ್ಟೇಲಿ ಇರೋ ಅಷ್ಟು ಬ್ಯಾಕ್ಟೀರಿಯಾ ಮನೆಯಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ. ಕನಿಷ್ಠ ಮೂರು ಬಟ್ಟೆ ಮಾಡ್ಕೊಳ್ಳಿ, ಬಿಸಿ ಪಾತ್ರೆಗೊಂದು, ಕಟ್ಟೆಗೊಂದು, ತೊಳೆದ ಪಾತ್ರೆಗೊಂದು, ಬೇರೆ ಬೇರೆ ಬಣ್ಣ ಇದ್ರೆ ಮನೆಯವರಿಗೂ ಕನ್ಫ್ಯೂಸ್ ಆಗಲ್ಲ. ದಿನಾ ರಾತ್ರಿ ಬಿಸಿನೀರಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೋ ಗಾಳಿಗೋ ಹರವಿ, ಪೂರ್ತಿ ಒಣಗಬೇಕು. ಪಾತ್ರೆ ತೊಳೆಯೋ ಸ್ಕ್ರಬ್ಬರ್‌ನ ಸೋಪಿನ ಡಬ್ಬೀಲೇ ನೀರಲ್ಲಿ ನೆನೆಯೋಕೆ ಬಿಡ್ಬೇಡಿ, ಹಿಂಡಿ ನಿಲ್ಲಿಸಿಡಿ, ನಾರೋಕೆ ಶುರುವಾದ್ರೆ ಮುಲಾಜಿಲ್ದೆ ಎಸೆಯಿರಿ.

ಸೊಪ್ಪು ತೊಳೆಯೋ ಕ್ರಮ

ದಂಟು, ಪಾಲಕ್, ಮೆಂತ್ಯ ಯಾವುದೇ ಇರ್ಲಿ, ಬಿಡಿಸಿ ದೊಡ್ಡ ಬೇಸಿನ್ ತುಂಬ ನೀರಲ್ಲಿ ಮುಳುಗಿಸಿ ಕೈಯಾಡಿಸಿ ಎರಡು ನಿಮಿಷ ಬಿಡಿ. ಈಗ ಸೊಪ್ಪನ್ನ ಕೈಲಿ ಮೇಲಕ್ಕೆ ಎತ್ತಿ ಬೇರೆ ಪಾತ್ರೆಗೆ ಹಾಕ್ಬೇಕು. ಬೇಸಿನ್ನೇ ಬಗ್ಗಿಸಿ ಜರಡಿಗೆ ಸುರಿದ್ರೆ ತಳದಲ್ಲಿ ಕೂತಿದ್ದ ಮಣ್ಣೆಲ್ಲ ವಾಪಸ್ ಸೊಪ್ಪಿನ ಮೇಲೇ ಬೀಳತ್ತೆ, ಸುಮಾರು ಜನ ಮಾಡೋದು ಇದನ್ನೇ. ಬೇಸಿನ್ ತಳ ಬೆರಳಲ್ಲಿ ಸವರಿದಾಗ ಮರಳು ಸಿಗದೇ ಇರೋ ತನಕ ನೀರು ಬದಲಾಯಿಸಿ. ತೊಳೆದ್ಮೇಲೆ ಹೆಚ್ಚಿ, ಹೆಚ್ಚಿದ್ಮೇಲೆ ತೊಳೀಬೇಡಿ. ಪಾತ್ರೆ ಸೋಪಲ್ಲಿ ತರಕಾರಿ ತೊಳೆಯೋ ಹೊಸ ಫ್ಯಾಷನ್ ಒಂದು ಶುರುವಾಗಿದೆ, ಖಂಡಿತ ಬೇಡ.

ಬೇಯಿಸೋ ಸೊಪ್ಪಿಗಿಂತ ಹಸಿಯಾಗಿ ತಿನ್ನೋದರ ಮೇಲೆ ಜಾಸ್ತಿ ಗಮನ ಇರ್ಲಿ. ಕೋಸಂಬರಿ ಸೌತೆಕಾಯಿ, ಕ್ಯಾರೆಟ್ಟು, ಕೊನೇಲಿ ಮೇಲೆ ಉದುರಿಸೋ ಕೊತ್ತಂಬರಿ ಸೊಪ್ಪು, ಇವಕ್ಕೆ ಬೆಂಕಿ ತಾಗೋದೇ ಇಲ್ಲ, ತೊಳೆದಿದ್ದಷ್ಟೇ ರಕ್ಷಣೆ. ಹಸಿ ಮೊಳಕೆಕಾಳು ಆರೋಗ್ಯ ಆರೋಗ್ಯ ಅಂತ ಎಲ್ರೂ ಹೇಳ್ತಾರೆ, ಆದ್ರೆ ಬೆಚ್ಚಗೆ ಒದ್ದೆಯಾಗಿ ಕಟ್ಟಿಡೋ ಜಾಗದಲ್ಲಿ ಕಾಳಿನ ಜೊತೆ ಬ್ಯಾಕ್ಟೀರಿಯಾನೂ ಬೆಳೀತವೆ, ಬಸುರಿಯರು, ವಯಸ್ಸಾದವರು, ಚಿಕ್ಕಮಕ್ಕಳು ಇರೋ ಮನೇಲಿ ಬೇಯಿಸಿಯೇ ಕೊಡಿ.

ಕೋಳಿ, ಮೀನು

ಕೋಳಿನ ನಲ್ಲಿ ಕೆಳಗೆ ಹಿಡಿದು ತೊಳೀಬೇಡಿ ಅಂತ ಡಾಕ್ಟರುಗಳು ಹೇಳೋದು ಯಾಕಂದ್ರೆ ನೀರಿನ ಹನಿ ಸಿಡಿದು ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಕಟ್ಟೆ, ತಟ್ಟೆ, ಪಕ್ಕದ ಸೌತೆಕಾಯಿ ಎಲ್ಲದರ ಮೇಲೂ ಕೂರತ್ತೆ. ಆದ್ರೆ ನಮ್ಮ ಅಂಗಡಿಯಿಂದ ಪುಕ್ಕದ ಚೂರು, ಮೂಳೆ ಪುಡಿ ಸಮೇತ ಬರೋ ಕೋಳಿನ ತೊಳೀದೇ ಹಾಕಿ ಅಂದ್ರೆ ಯಾರು ಕೇಳ್ತಾರೆ. ತೊಳೆಯಲೇಬೇಕು ಅಂದ್ರೆ ಸಿಂಕಿಂದ ಪಾತ್ರೆ ಎಲ್ಲ ತೆಗೆದು, ಬೋಗುಣಿಯಲ್ಲಿ ನೀರು ಹಾಕಿ ಅದರೊಳಗೆ ನಿಧಾನಕ್ಕೆ ಅಲುಗಿಸಿ, ನೀರನ್ನ ಸಿಡಿಯದ ಹಾಗೆ ಚೆಲ್ಲಿ, ಆಮೇಲೆ ಸಿಂಕ್, ನಲ್ಲಿ ಹಿಡಿ, ಕೈ ಎಲ್ಲಾನೂ ಸೋಪು ಹಾಕಿ ಉಜ್ಜಿ.

ನಿಜ ಹೇಳ್ಬೇಕಂದ್ರೆ ನಮ್ಮ ಸಾರಲ್ಲಿ ಕೋಳಿ ಕೊತಕೊತ ಕುದಿಯತ್ತೆ, ಒಳಗೆ 74 ಡಿಗ್ರಿ ದಾಟೋದು ಕಷ್ಟ ಏನಲ್ಲ. ಎಡವಟ್ಟಾಗೋದು ಪಕ್ಕದಲ್ಲಿ. ಕೋಳಿ ಕೊಯ್ದ ಮಣೆ ಚಾಕು ಬರೀ ನೀರಲ್ಲಿ ಜಾಲಿಸಿ ಅದರ ಮೇಲೇ ಈರುಳ್ಳಿ, ನಿಂಬೆಹಣ್ಣು ಹೆಚ್ತೀವಲ್ಲ, ಅಲ್ಲಿ. ಮಾಂಸಕ್ಕೆ ಒಂದು ಮಣೆ, ತರಕಾರಿಗೆ ಒಂದು ಮಣೆ ಇಟ್ಕೊಳ್ಳಿ, ಇಲ್ಲಾಂದ್ರೆ ತರಕಾರಿ ಎಲ್ಲ ಹೆಚ್ಚಿ ಮುಗಿಸಿ ಕೊನೇಲಿ ಮಾಂಸ ಕೊಯ್ಯಿರಿ. ಮಸಾಲೆ ಹಚ್ಚಿ ನೆನೆಸಿಡೋದು ಫ್ರಿಜ್ ಒಳಗೇ ಆಗ್ಬೇಕು.

ಕರಾವಳಿಯವರಿಗೆ ಹೇಳೋದೇ ಬೇಡ, ಆದ್ರೂ ಬಂಗುಡೆ, ಭೂತಾಯಿ ವಿಷಯ ಒಂದು ಮಾತು. ಈ ಜಾತಿ ಮೀನು ಐಸ್ ಇಲ್ದೆ ಬಿಸಿಲಲ್ಲಿ ಕೂತ್ರೆ ಅದರಲ್ಲಿ ಹಿಸ್ಟಮಿನ್ ಅನ್ನೋ ರಾಸಾಯನಿಕ ತಯಾರಾಗತ್ತೆ, ಅದನ್ನ ಫ್ರೈ ಮಾಡಿದ್ರೂ ಹೋಗಲ್ಲ ಸಾರು ಮಾಡಿದ್ರೂ ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ಮೈ ಕಡಿತ, ತಲೆನೋವು, "ನಂಗೆ ಮೀನು ಅಲರ್ಜಿ" ಅಂದ್ಕೊಳ್ತಾರೆ, ಸುಮಾರು ಸಲ ಅದು ಮೀನಿಗೆ ಐಸ್ ಹಾಕದೇ ಇದ್ದಿದ್ದರ ಫಲ. ಮಾರ್ಕೆಟ್ಟಿಂದ ಮೀನು ತಂದವರು ದಾರೀಲಿ ಎಲ್ಲೂ ಹರಟೆ ಹೊಡೀದೆ ಸೀದಾ ಮನೆಗೆ ಬನ್ನಿ.

ಎಲ್ಲಕ್ಕಿಂತ ಮುಖ್ಯ, ಮಿಕ್ಕಿದ ಅನ್ನ

ಹೊಟ್ಟೆ ಕೆಟ್ರೆ ನಾವು ಬೈಯೋದು ಪಾನಿಪುರಿ ಅಂಗಡಿಯವನನ್ನ, ಬಿಳೀ ಅನ್ನದ ಮೇಲೆ ಯಾರಿಗೂ ಅನುಮಾನನೇ ಬರಲ್ಲ. ಮಣ್ಣಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಅಕ್ಕಿ ಜೊತೆಗೇ ಬರತ್ತೆ, ಗಟ್ಟಿ ಚಿಪ್ಪಿನೊಳಗೆ ಬೀಜದ ಹಾಗೆ ಮಲಗಿರತ್ತೆ. ಅನ್ನ ಬೇಯಿಸಿದಾಗ ಬೇರೆ ಬ್ಯಾಕ್ಟೀರಿಯಾ ಸಾಯ್ತವೆ, ಇದರ ಬೀಜ ಉಳ್ಕೊಳ್ಳತ್ತೆ. ಆಮೇಲೆ ಕುಕ್ಕರ್ ಮುಚ್ಚಳ ಹಾಕಿ ಕಟ್ಟೆ ಮೇಲೇ ಬಿಟ್ರೆ ಒಳಗಿನ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಇರತ್ತೆ, ಬೀಜ ಮೊಳೆತು ವಿಷ ತಯಾರಾಗತ್ತೆ. ಆ ವಿಷ ಬಿಸಿಗೆ ಜಗ್ಗಲ್ಲ. ಬೆಳಿಗ್ಗೆ ಎಷ್ಟೇ ಘಮಘಮ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದ್ರೂ ಅಲ್ಲೇ ಇರತ್ತೆ. ತಿಂದು 1ರಿಂದ 6 ಗಂಟೆ ಒಳಗೆ ವಾಂತಿ. "ಒಂದು ಕುದಿ ಕುದಿಸಿದ್ರೆ ಆಯ್ತು" ಅನ್ನೋ ಮಾತು ಕೈಕೊಡೋದು ಇಲ್ಲೇ.

ಹಾಗಂತ ರಾತ್ರಿ ಅನ್ನ ಎಸೀಬೇಕಾಗಿಲ್ಲ. ಊಟ ಆದ ತಕ್ಷಣ ಮಿಕ್ಕಿದ್ದನ್ನ ಕುಕ್ಕರಿಂದ ತೆಗೆದು ಅಗಲವಾದ ತಟ್ಟೇಲಿ ತೆಳ್ಳಗೆ ಹರಡಿ, ಫ್ಯಾನ್ ಕೆಳಗೆ ಇಟ್ರೆ 15-20 ನಿಮಿಷಕ್ಕೆ ಆರತ್ತೆ, ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್‌ಗೆ ಇಡಿ. ಮಾರನೇ ದಿನ ಹಬೆ ಬರೋ ಹಾಗೆ ಬಿಸಿ ಮಾಡಿ, ಒಂದೇ ಸಲ, ಅದರಲ್ಲೂ ಮಿಕ್ಕಿದ್ರೆ ಮತ್ತೆ ಇಡೋದು ಬೇಡ. ಪುಳಿಯೋಗರೆ ಬಸ್ಸಲ್ಲಿ ಕಟ್ಕೊಂಡು ಹೋದ್ರೂ ತಡೆಯೋದು ಹುಣಸೆಹುಳಿ, ಎಣ್ಣೆ, ಉಪ್ಪಿನಿಂದ, ಹುಳಿ ಇದ್ದಲ್ಲಿ ಇವು ಬೆಳೆಯೋದು ಕಷ್ಟ. ಅದೇ ಬುತ್ತಿಗೆ ಹಸಿ ತೆಂಗಿನತುರಿ ಹಾಕಿದ್ರೋ, ಮಧ್ಯಾಹ್ನಕ್ಕೇ ಕೆಟ್ಟಿರತ್ತೆ. ಕಾಯಿಚಟ್ನಿಗೂ ಅಷ್ಟೇ, ಒಗ್ಗರಣೆ ಹಾಕಿದ್ರೆ ಬಾಳಿಕೆ ಬರತ್ತೆ ಅನ್ನೋದು ಸುಳ್ಳು, ತಿಂಡಿ ಆದ ಕೂಡ್ಲೇ ಫ್ರಿಜ್, ಅವತ್ತೇ ಖಾಲಿ.

ಹುಳಿ, ಸಾಂಬಾರು, ಮಟನ್ ಸಾರು ದೊಡ್ಡ ಪಾತ್ರೇಲಿ ಮಾಡಿದಾಗ ಮೇಲೆ ತಣ್ಣಗಿದ್ರೂ ನಡು ಮಧ್ಯ ತುಂಬ ಹೊತ್ತು ಬಿಸಿ ಇರತ್ತೆ. ಹಬ್ಬದ ದಿನ, ಗೃಹಪ್ರವೇಶದ ದಿನ ಇದೇ ಆಗೋದು. ಎರಡು ಮೂರು ಚಿಕ್ಕ ಪಾತ್ರೆಗೆ ಹಂಚಿ, ತಣ್ಣೀರು ತುಂಬಿದ ಬೇಸಿನ್‌ನಲ್ಲಿ ಕೂರಿಸಿ ಸೌಟಲ್ಲಿ ಆಗಾಗ ತಿರುವಿ, ಬೇಗ ಆರತ್ತೆ. ಪೂರ್ತಿ ತಣ್ಣಗಾದ್ಮೇಲೇ ಫ್ರಿಜ್‌ಗೆ ಇಡ್ಬೇಕು ಅಂತ ರಾತ್ರಿ 11ರ ತನಕ ಕಾಯ್ಬೇಡಿ, ಹಬೆ ನಿಂತ್ರೆ ಸಾಕು. ಬಡಿಸೋವಾಗ ಬೇಕಾದಷ್ಟೇ ತೆಗೆದು ಕುದಿಸಿ, ಇಡೀ ಪಾತ್ರೆನ ದಿನಕ್ಕೆ ಮೂರು ಸಲ ಬಿಸಿ ಮಾಡಿ ಮಾಡಿ ಇಡೋದ್ರಿಂದ ಸಾರಿಗೂ ಸುಖ ಇಲ್ಲ ನಮಗೂ ಇಲ್ಲ.

ಫ್ರಿಜ್ಜು ಅಲ್ಮೇರಾ ಅಲ್ಲ

ಒಳಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಮ್ಮಿ ಇರ್ಬೇಕು. ಡಯಲ್ ಮೇಲಿರೋ 1, 2, 3 ಡಿಗ್ರಿ ಲೆಕ್ಕ ಅಲ್ಲ, ಸಾಮಾನ್ಯವಾಗಿ ನಂಬರ್ ಜಾಸ್ತಿ ಆದಷ್ಟೂ ತಂಪು ಜಾಸ್ತಿ. ಒಂದು ಚಿಕ್ಕ ಥರ್ಮಾಮೀಟರ್ ತಂದು ಲೋಟ ನೀರಲ್ಲಿ ಮುಳುಗಿಸಿ ರಾತ್ರಿಯಿಡೀ ಒಳಗಿಟ್ಟು ಬೆಳಿಗ್ಗೆ ನೋಡಿ. ಗಾಳಿ ಆಡೋಕೆ ಜಾಗ ಇಲ್ದೆ ತುರುಕಿದ್ರೆ ಯಾವ ಫ್ರಿಜ್ಜೂ ತಣ್ಣಗಿರಲ್ಲ. ಹಸಿ ಮಾಂಸ ಮುಚ್ಚಿದ ಡಬ್ಬೀಲಿ ಎಲ್ಲಕ್ಕಿಂತ ಕೆಳಗೆ, ಬೇಯಿಸಿದ್ದು ಮೇಲೆ. ಹಾಲಿನ ಪ್ಯಾಕೆಟ್ ಬಾಗಿಲಲ್ಲಿ ಬೇಡ, ತೆಗೆದು ಹಾಕಿ ಮಾಡೋವಾಗ ಮೊದ್ಲು ಬಿಸಿ ಆಗೋದೇ ಆ ಜಾಗ. ಕರೆಂಟ್ ಹೋದಾಗ ಬಾಗಿಲು ತೆಗೀದೇ ಇದ್ರೆ ಸುಮಾರು 4 ಗಂಟೆ ತಡೆಯತ್ತೆ, ಮಳೆಗಾಲದಲ್ಲಿ ಮಲೆನಾಡಿನವರು ಇದನ್ನ ನಂಬ್ಕೊಂಡು ಕೂರೋ ಹಾಗಿಲ್ಲ, ಅಲ್ಲಿ ಅವತ್ತಿನದು ಅವತ್ತಿಗೇ ಮಾಡೋದೇ ಸರಿ.

ಯಾರೂ ನೋಡದ ಜಾಗ

ಮಿಕ್ಸಿ ಜಾರ್ ಮಗುಚಿ ಬ್ಲೇಡ್ ಕೆಳಗಿನ ಭಾಗ ನೋಡಿ, ಬಿಚ್ಚೋಕೆ ಬರೋ ಹಾಗಿದ್ರೆ ಬಿಚ್ಚಿ ನೋಡಿ. ವಾಷರ್ ಸುತ್ತ ಕಂದು ಬಣ್ಣದ ಜಿಗಟು, ಹೋದ ವಾರದ ಕಾಯಿ, ಮೊನ್ನೆಯ ಶುಂಠಿ ಎಲ್ಲ ಸೇರಿ ಪೇಸ್ಟ್ ಆಗಿರತ್ತೆ, ಇವತ್ತಿನ ಚಟ್ನಿ ರುಬ್ಬೋದು ಅದರ ಜೊತೆಗೇ. ಪ್ರತಿ ಸಲ ರುಬ್ಬಿದ ಕೂಡ್ಲೇ ಬಿಸಿನೀರು, ಒಂದು ಹನಿ ಸೋಪು ಹಾಕಿ ಓಡಿಸಿ, ಹಳೇ ಟೂತ್‌ಬ್ರಷ್‌ನಲ್ಲಿ ಬ್ಲೇಡ್ ಕೆಳಗೆ ಉಜ್ಜಿ, ಬೋರಲು ಹಾಕಿ ಒಣಗಿಸಿ. ಕುಕ್ಕರ್ ಗ್ಯಾಸ್ಕೆಟ್, ತುರಿಮಣೆ ಹಲ್ಲು, ನೀರಿನ ಬಾಟಲಿ ಮುಚ್ಚಳದ ಸಂದಿ, ಇವಕ್ಕೂ ಅದೇ ಬ್ರಷ್.

ಹಿಂದಿನವರು ಅನ್ನ ಮುಟ್ಟಿದ ಕೈ ತೊಳೀದೆ ಉಪ್ಪಿನಕಾಯಿ ಜಾಡಿ, ಮೊಸರು ಮುಟ್ಟೋಕೆ ಬಿಡ್ತಿರ್ಲಿಲ್ಲ, ಮುಸುರೆ ಅಂತ ಗದರೋರು. ಮಡಿ-ಮೈಲಿಗೆ ಹೆಸರಲ್ಲಿ ಜನರನ್ನ ದೂರ ಇಟ್ಟಿದ್ದು ಬೇರೆ ಮಾತು, ಅದು ಬೇಡ, ಆದ್ರೆ ಈ ಒಂದು ಅಭ್ಯಾಸ ಉಳಿಸ್ಕೊಳ್ಳಿ. ಉಪ್ಪಿನಕಾಯಿಗೆ ಒಣ ಚಮಚ, ಕುಡಿಯೋ ನೀರಿಗೆ ಕೈ ಅದ್ದದೆ ಉದ್ದ ಹಿಡಿ ಇರೋ ಸೌಟು. ನೀರು ಕುದಿಸೋದಾದ್ರೆ ಬರೀ ಬಿಸಿ ಸಾಲದು, ಕೊತಕೊತ ಅಂತ 1 ನಿಮಿಷ. ಬೂಸ್ಟು ಬಂದ ಕಡ್ಲೆಕಾಯಿ ಬೀಜ, ಕೊಬ್ಬರಿ ಹುರಿದು ಉಪಯೋಗಿಸೋ ಆಸೆ ಬೇಡ, ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ಬಜ್ಜಿ ಎಣ್ಣೆ ಹೀರೋಕೆ ನ್ಯೂಸ್‌ಪೇಪರ್ ಹಾಸೋದನ್ನ ದೇಶದ ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೂಡ ಬೇಡ ಅಂದಿದೆ, ಇಂಕು ಊಟಕ್ಕೆ ಹತ್ತತ್ತೆ. ಪೇಪರಿನವರಾಗಿ ನಾವೇ ಇದನ್ನ ಹೇಳ್ಬೇಕಾಯ್ತು ನೋಡಿ.

ಆದ್ರೂ ಹೊಟ್ಟೆ ಕೆಟ್ರೆ

ಮೊದ್ಲು ನೀರಿನಂಶ ಕಮ್ಮಿ ಆಗದ ಹಾಗೆ ನೋಡ್ಕೊಳ್ಳಿ. ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ ಬೆಸ್ಟು, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಸಿಗ್ಲಿಲ್ಲ ಅಂದ್ರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಸಮಕ್ಕೆ ಅಳೆದು 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಉಪ್ಪು ಜಾಸ್ತಿ ಆಗ್ಬಾರ್ದು. ಗುಟುಕು ಗುಟುಕಾಗಿ ಕುಡಿಸ್ತಾ ಇರಿ, ವಾಂತಿ ಆದ್ರೆ 10 ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಭೇದಿ ನಿಲ್ಲಿಸೋ ಮಾತ್ರೆ ನೀವಾಗೇ ನುಂಗ್ಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದಿದ್ದೆಲ್ಲ ವಾಂತಿ, ಮಗು ಆರೇಳು ಗಂಟೆಯಿಂದ ಉಚ್ಚೆ ಮಾಡಿಲ್ಲ ಅಥವಾ ಮಂಕಾಗಿದೆ, ಇದರಲ್ಲಿ ಒಂದಿದ್ರೂ ಸೀದಾ ಡಾಕ್ಟರ್ ಹತ್ರ ಹೋಗಿ. ಹಿಂದಿನ ದಿನದಿಂದ ಏನೇನು ತಿಂದಿದ್ರಿ, ಎಷ್ಟೊತ್ತಿಗೆ ತಿಂದಿದ್ರಿ ಅಂತ ಒಂದು ಚೀಟೀಲಿ ಬರ್ಕೊಂಡು ಹೋಗಿ, ಅವರು ಮೊದ್ಲು ಕೇಳೋದೇ ಅದನ್ನ.