ಮೋಲ್ಡ್ ಹಾಕುವ ಹಿಂದಿನ ಸಂಜೆ

ನನ್ನ ಬಳಿ ಕೆಲಸ ಕಲಿಯಲು ಬರುವ ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಮೂರು ವಸ್ತು ಕೊಡುತ್ತೇನೆ: ಐದು ಮೀಟರಿನ ಟೇಪು, ಇನ್ನೂರು ಪುಟದ ನೋಟ್‌ಬುಕ್ಕು, ಒಂದು ಟಾರ್ಚು. ಟಾರ್ಚು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮೋಲ್ಡ್ ಹಾಕುವ, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನದ ಹಿಂದಿನ ಸಂಜೆ ಅದಕ್ಕೆ ಉತ್ತರ ಸಿಗುತ್ತದೆ. ಆವತ್ತು ಸೈಟಿನಿಂದ ಹೊರಡುವಾಗ ಕತ್ತಲಾಗಿರುತ್ತದೆ.

ಗೋಡೆ ಸೊಟ್ಟಗಾದರೆ ಕೆಡವಿ ಕಟ್ಟಬಹುದು. ಪ್ಲಾಸ್ಟರ್ ಉದುರಿದರೆ ಮತ್ತೆ ಹೊಡೆಸಬಹುದು. ತಾರಸಿಯ ಕಾಂಕ್ರೀಟು ಹಾಗಲ್ಲ. ಒಂದು ಸಲ ಬಿದ್ದರೆ ಒಳಗಿನ ಕಂಬಿ ಹೇಗಿದೆ ಎಂದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಉಸ್ತುವಾರಿಯ ಮುಕ್ಕಾಲು ಪಾಲು ಕಾಂಕ್ರೀಟು ಕಲಸುವ ಮಿಲ್ಲರ್ ಯಂತ್ರ ತಿರುಗುವ ಮೊದಲೇ ಮುಗಿದಿರಬೇಕು. ಇದು ನಾನು ಪೆಟ್ಟು ತಿಂದು ಕಲಿತದ್ದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ರಸ್ತೆ ಕಡೆಗೆ ಮೂರೂವರೆ ಅಡಿ ಚಾಚಿದ ಬಾಲ್ಕನಿ. ಚಾಚಿದ ಭಾಗದಲ್ಲಿ ಎಳೆತ ಬೀಳುವುದು ಮೇಲ್ಮೈಯಲ್ಲಿ, ಹಾಗಾಗಿ ಮುಖ್ಯ ಕಂಬಿಯೂ ಮೇಲೇ ಇರಬೇಕು. ಹಿಂದಿನ ದಿನ ನೋಡಿದಾಗ ಮೇಲೇ ಇತ್ತು, 'ಸರಿ' ಎಂದು ಬರೆದುಕೊಂಡೆ. ಆದರೆ ಕಂಬಿಯನ್ನು ಎತ್ತಿ ಹಿಡಿಯುವ ಚೇರ್‌ಗಳು ಐದಡಿಗೊಂದು ಇದ್ದದ್ದನ್ನು ಗಮನಿಸಲಿಲ್ಲ. ಮರುದಿನ ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡಿದರು. ಮಧ್ಯಾಹ್ನದೊಳಗೆ ಕಂಬಿ ತುಳಿತಕ್ಕೆ ಬಾಗಿ ತಳಕ್ಕೆ ಕೂತಿತ್ತು. ನಾನು ಆ ಹೊತ್ತಿಗೆ ಕೆಳಗೆ ಸಿಮೆಂಟು ಮೂಟೆ ಎಣಿಸುತ್ತಿದ್ದೆ. ಮೂರು ವಾರದ ಮೇಲೆ ಕಾಂಕ್ರೀಟನ್ನು ಕೆಳಗಿನಿಂದ ಹೊತ್ತಿದ್ದ ಶೀಟು, ಕಂಬಗಳ ಸೆಂಟ್ರಿಂಗ್ ಬಿಚ್ಚಿದಾಗ ಗೋಡೆಯ ಅಂಚಿಗೆ ಸರಿಯಾಗಿ ಮೇಲ್ಗಡೆ ಉದ್ದಕ್ಕೂ ಬಿರುಕು. ಒಡೆಸಬೇಕಾಯಿತು. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಸುತ್ತಿಗೆ ಬೀಳುವಾಗ ಒಂದು ಮಾತೂ ಆಡದೆ ಎದುರು ಮನೆಯ ಜಗಲಿ ಮೇಲೆ ಕೂತಿದ್ದರು. ಅವರು ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಈಗ ನನ್ನ ಸೈಟಿನಲ್ಲಿ ಬಾಲ್ಕನಿಯ ಚೇರ್ ಎರಡಡಿಗೊಂದು. ಓಡಾಡಲು ಹಲಗೆಯ ದಾರಿ ಬೇರೆ. ಬಾಲ್ಕನಿಗೆ ಕಾಂಕ್ರೀಟ್ ಬೀಳುವಷ್ಟು ಹೊತ್ತೂ ನಾನು ಅಲ್ಲಿಂದ ಕದಲುವುದಿಲ್ಲ.

ಇನ್ನು ತಯಾರಿ. ದಿನ ಗೊತ್ತು ಮಾಡುವಾಗ ಪಂಚಾಂಗ ನೋಡುವವರು ಯಜಮಾನರು, ಕೆಲಸಗಾರರ ಪಂಚಾಂಗ ನೋಡಬೇಕಾದವರು ನಾವು. ನಮ್ಮ ಗಾರೆ ಆಳುಗಳಲ್ಲಿ ಅರ್ಧಕ್ಕರ್ಧ ರಾಯಚೂರು, ಯಾದಗಿರಿ ಕಡೆಯವರು. ಯುಗಾದಿಗೆ ಊರಿಗೆ ಹೋಗುತ್ತಾರೆ, ಮುಂಗಾರು ಬಿತ್ತನೆಗೆ ಮತ್ತೆ ಹೋಗುತ್ತಾರೆ. ಅದನ್ನು ತಪ್ಪು ಎನ್ನುವ ಹಾಗಿಲ್ಲ, ಅವರ ಹೊಲವೂ ಅವರದೇ ಸೈಟು. ಎರಡು ತಿಂಗಳ ಮೊದಲೇ ಮೇಸ್ತ್ರಿಯನ್ನು ಕೂರಿಸಿಕೊಂಡು ಯಾರು ಯಾವಾಗ ಹೋಗುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಸಂತೆಯ ದಿನ ಮೋಲ್ಡ್ ಇಟ್ಟುಕೊಳ್ಳಬೇಡಿ. ಸಂತೆಯ ಸಾಮಾನು ತರಬೇಕಾದ ಹೆಣ್ಣಾಳುಗಳಿಗೆ ಮೂರು ಗಂಟೆಯಿಂದಲೇ ತಳಮಳ ಶುರುವಾಗುತ್ತದೆ.

ಸಾಮಾನಿನ ಲೆಕ್ಕ ನೀವೇ ಹಾಕಿ, ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ. ಒಂಬತ್ತು ಚದರದ, ಅಂದರೆ 900 ಚದರ ಅಡಿಯ ತಾರಸಿ, ಐದಿಂಚು ದಪ್ಪ ಎಂದರೆ 375 ಘನ ಅಡಿ, ಅಂದರೆ 10.6 ಘನ ಮೀಟರು. ಬೀಮುಗಳಿಗೆ ಇನ್ನೆರಡೂವರೆ ಸೇರಿಸಿ, ಸುಮಾರು 13. ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಮೂಟೆ ಸಿಮೆಂಟು ಹಿಡಿಯುತ್ತದೆ. ಹಾಗಾಗಿ 105 ಮೂಟೆ ಬೇಕು, ನಾನು 110 ತರಿಸುತ್ತೇನೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸುಮಾರು 200 ಘನ ಅಡಿ, 20 ಎಂಎಂ ಜಲ್ಲಿ 400 ಘನ ಅಡಿ. ಒಂದು ಮೂಟೆಯ ಮಿಲ್ಲರ್ ನಮ್ಮಲ್ಲಿ ಗಂಟೆಗೆ ಹನ್ನೆರಡು ಮೂಟೆ ತಿರುಗಿಸುತ್ತದೆ. ಒಂಬತ್ತು ಗಂಟೆಯ ಕೆಲಸ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಊಟದ ಹೊತ್ತು ಸೇರಿ ಸಂಜೆ ಐದಕ್ಕೆ ಮುಗಿದೀತು. ಹತ್ತಕ್ಕೆ ಶುರು ಮಾಡಿದರೆ ಕೊನೆಯ ಬಾಂಡ್ಲಿ ಬೀಳುವುದು ಕತ್ತಲಲ್ಲಿ, ದಣಿದ ಕೈಯಲ್ಲಿ.

ಈಗ ಆ ಸಂಜೆಗೆ ಬನ್ನಿ. ಮೊದಲು ಮೇಲೆ ಹತ್ತಬೇಡಿ, ಕೆಳಗೆ ನಿಲ್ಲಿ. ಸೆಂಟ್ರಿಂಗಿನ ಒಂದೊಂದು ಕಂಬಕ್ಕೂ ಭುಜ ಕೊಟ್ಟು ತಳ್ಳಿ. ಅಲ್ಲಾಡುವ ಕಂಬ ಭಾರ ಹೊರುತ್ತಿಲ್ಲ ಎಂದರ್ಥ. ಕಂಬದ ಬುಡದಲ್ಲಿ ಇಟ್ಟಿಗೆ ಚೂರು ಸಿಕ್ಕಿಸಿದ್ದರೆ ತೆಗೆಸಿ ಹಲಗೆ ಕೊಡಿಸಿ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ನಿಂತ ಕಂಬ ರಾತ್ರಿ ಒಂದು ಮಳೆ ಬಿದ್ದರೆ ಇಳಿಯುತ್ತದೆ. ಅಲ್ಲಿ ಹಲಗೆ ಇನ್ನೂ ಅಗಲ ಇರಲಿ. ಶೀಟುಗಳ ಸಂದಿಯನ್ನು ನೋಡಲು ದೀಪ ಆರಿಸಿ, ಒಬ್ಬರು ಮೇಲಿಂದ ಟಾರ್ಚು ಬಿಡಲಿ. ಕೆಳಗೆ ಬೆಳಕು ಬಿದ್ದಲ್ಲೆಲ್ಲ ನಾಳೆ ಸಿಮೆಂಟು ಹಾಲು ಸೋರುತ್ತದೆ, ಸೋರಿದ ಕಡೆ ಜಲ್ಲಿ ಬರಿದಾಗಿ ಗೂಡು ಬೀಳುತ್ತದೆ. ಟೇಪು ಅಂಟಿಸಿ ಮುಚ್ಚಿಸಿ.

ಆಮೇಲೆ ಕಂಬಿ. ನಕ್ಷೆಯಲ್ಲಿ ಆರಿಂಚಿಗೊಂದು ಎಂದಿದ್ದರೆ ಒಂದೆರಡು ಸಂದಿ ಅಳೆದು ಬಿಡಬೇಡಿ. ಐದಡಿ ಟೇಪು ಹಾಸಿ, ಎರಡು ಕೊನೆಯದೂ ಸೇರಿ ಹನ್ನೊಂದು ಕಂಬಿ ಸಿಗಬೇಕು. ಹತ್ತು ಸಿಕ್ಕಿದರೆ ಅಲ್ಲೊಂದು ಕಡಿಮೆ. ಮೂರು ನಾಲ್ಕು ಕಡೆ ಹೀಗೇ ನೋಡಿ. ಕಂಬಿಯ ಕೆಳಗೆ ಅದನ್ನು ಶೀಟಿನಿಂದ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಇರಲೇಬೇಕು. ಜಲ್ಲಿ ಕಲ್ಲು ಇಟ್ಟು 'ಅದೂ ಅಷ್ಟೇ ಅಲ್ವಾ' ಎನ್ನುತ್ತಾರೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ತಾಗಿದ ಕ್ಷಣ ಜಲ್ಲಿ ಉರುಳುತ್ತದೆ, ಕಂಬಿ ಶೀಟಿಗೆ ಅಂಟುತ್ತದೆ. ಹತ್ತು ವರ್ಷದ ಮೇಲೆ ಆ ಮನೆಯ ಸೀಲಿಂಗಿನಲ್ಲಿ ತುಕ್ಕಿನ ಗೆರೆ ಮೂಡಿ ಕಾಂಕ್ರೀಟು ಹಕ್ಕಳೆ ಕಿತ್ತು ಬೀಳುವುದು ಇದೇ ಕಾರಣಕ್ಕೆ. ಬೀಮಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಕೊಕ್ಕೆ ಒಳಕ್ಕೆ ಪೂರ್ತಿ ಬಾಗಿರಬೇಕು, ಬರೀ ಮೂಲೆಮಟ್ಟಕ್ಕೆ ನಿಂತಿರಬಾರದು. ಜೋಡಣೆಯ ಕಡೆ ಕಂಬಿ ತನ್ನ ದಪ್ಪದ 50 ಪಟ್ಟು ಒಂದರ ಪಕ್ಕ ಒಂದು ಹಾಯಬೇಕು. 12 ಎಂಎಂ ಕಂಬಿಗೆ ಎರಡಡಿ.

ಇದೆಲ್ಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಅವರ ಪೈಪು ಹೋಗಲು ಜಾಗ ಸಾಲದೆ ಬೀಮಿನ ರಿಂಗು ಕತ್ತರಿಸಿದ್ದನ್ನು ನಾನು ಎರಡು ಸೈಟಿನಲ್ಲಿ ಹಿಡಿದಿದ್ದೇನೆ. ಫ್ಯಾನ್ ಬಾಕ್ಸುಗಳನ್ನು ನಕ್ಷೆ ಹಿಡಿದು ಎಣಿಸಿ, ಒಳಗೆ ಕಾಗದ ತುರುಕಿಸಿ. ಮರುದಿನವೂ ಅವರ ಕಡೆಯವರೊಬ್ಬರು ಸೈಟಿನಲ್ಲಿರಲಿ, ತುಳಿತಕ್ಕೆ ಪೈಪು ಒಡೆದರೆ ಅಲ್ಲೇ ಜೋಡಿಸಬೇಕಾಗುತ್ತದೆ. ಟಾಯ್ಲೆಟ್ಟಿನ ಸಂಕ್ (ಪೈಪುಗಳಿಗಾಗಿ ತಗ್ಗಿಸಿದ ಭಾಗ) ಎಷ್ಟು ಇಳಿದಿದೆ ಎಂದು ಪ್ಲಂಬರ್ ಎದುರೇ ಅಳೆಯಿರಿ.

ಮೋಲ್ಡ್ ದಿನದ ದೊಡ್ಡ ಜಗಳ ನೀರಿನದು. ನೀರು ಜಾಸ್ತಿ ಬಿಟ್ಟರೆ ಕಾಂಕ್ರೀಟು ತಾನಾಗಿ ಹರಿಯುತ್ತದೆ, ಎಳೆಯುವ ಕೈಗೆ ಸುಖ. ಆದರೆ ಒಂದು ಮೂಟೆಗೆ 27 ಲೀಟರ್ ಮೀರಿದರೆ ಗಟ್ಟಿತನ ಹೋಯಿತು. ಮರಳು ಒದ್ದೆಯಾಗಿದ್ದರೆ ಇನ್ನೂ ಕಡಿಮೆ ಸಾಕು. ನಾನು 20 ಲೀಟರಿನ ಪೇಂಟ್ ಡಬ್ಬಿಗಳನ್ನು ಎರಡು ಇಟ್ಟುಕೊಳ್ಳುತ್ತೇನೆ. ಒಂದು ತುಂಬ, ಇನ್ನೊಂದರಲ್ಲಿ ಮೂರನೇ ಒಂದು ಭಾಗಕ್ಕೆ ಕೆಂಪು ಗೆರೆ. ಪೈಪು ಮಿಲ್ಲರಿನ ಹತ್ತಿರ ಬರುವುದೇ ಇಲ್ಲ.

"ಅಕ್ಕಾ, ಒಂದು ಚೊಂಬು ಬಿಡ್ತೀನಿ, ಕೈ ಬಿದ್ದು ಹೋಗ್ತಿದೆ," ಎಂದು ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ಆಗ ರೇಗಬೇಡಿ. ಆ ಕೈ ನಿಜವಾಗಿಯೂ ಬಿದ್ದು ಹೋಗುತ್ತಿರುತ್ತದೆ. "ಬೇಡಣ್ಣ, ಹತ್ತು ನಿಮಿಷ ಕೂತ್ಕೊ, ಇನ್ನೊಬ್ಬರನ್ನ ಬಿಡೋಣ," ಎನ್ನಿ. ಅದಕ್ಕೇ ಇಪ್ಪತ್ತು ಜನ ಬೇಕಾದಲ್ಲಿ ಇಪ್ಪತ್ತೆರಡು ಜನಕ್ಕೆ ಹೇಳಿರಬೇಕು. ಮಜ್ಜಿಗೆ, ಕುಡಿಯುವ ನೀರು, ನೆರಳಿಗೊಂದು ಟಾರ್ಪಾಲು, ಇವು ಯಜಮಾನರ ಔದಾರ್ಯಕ್ಕೆ ಬಿಟ್ಟ ವಿಷಯಗಳಲ್ಲ, ನಿಮ್ಮ ಪಟ್ಟಿಯಲ್ಲಿ ಸಿಮೆಂಟಿನ ಪಕ್ಕದ ಸಾಲಿನಲ್ಲೇ ಇರಬೇಕು. ರಸ್ತೆ ಬದಿಯ ಕರೆಂಟ್ ತಂತಿ ಎಷ್ಟು ದೂರ ಇದೆ ಎಂದು ಕಂಬಿ ಎತ್ತುವ ದಿನವೇ ನೋಡಿ. 12 ಮೀಟರಿನ ಕಂಬಿಯ ಕೊನೆ ಎಲ್ಲಿ ತಿರುಗುತ್ತದೆ ಎಂಬುದು ಎತ್ತುವವರಿಗೆ ಕಾಣುವುದಿಲ್ಲ. ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಸಿಗುತ್ತದೆ. ಅದಕ್ಕೆ ಬೇಕಾದ ಕೆಲಸದ ದೃಢೀಕರಣ ಕೇಳಿದರೆ ಅಲೆದಾಡಿಸದೆ ಮಾಡಿಕೊಡಿ.

ವೈಬ್ರೇಟರ್ ಎರಡು ಇರಲಿ, ಒಂದು ಪೆಟ್ರೋಲಿನದು, ಕರೆಂಟು ಹೋದರೆ ಕೈಕಟ್ಟಿ ಕೂರುವಂತಾಗಬಾರದು. ಸೂಜಿ ನೆಟ್ಟಗೆ ಇಳಿಯಬೇಕು, ಗುಳ್ಳೆ ನಿಂತ ಮೇಲೆ ನಿಧಾನಕ್ಕೆ ಮೇಲೆ ಬರಬೇಕು. ಅದರಿಂದ ಕಾಂಕ್ರೀಟನ್ನು ದೂಡಬಾರದು. ನಡುವೆ ಗಟ್ಟಿತನದ ಪರೀಕ್ಷೆಗೆ ಆರು ಕಾಂಕ್ರೀಟ್ ಕ್ಯೂಬು ತುಂಬಿಸಿಡಿ, ಮೂರು ಏಳನೇ ದಿನಕ್ಕೆ, ಮೂರು 28ನೇ ದಿನಕ್ಕೆ.

ಮಾರನೆಯ ಬೆಳಿಗ್ಗೆ ಗಾರೆಯ ಬದು ಕಟ್ಟಿಸಿ ಪಾತಿ ಮಾಡಿ ನೀರು ನಿಲ್ಲಿಸಿ. ಈಗ ಬರುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಹತ್ತು ದಿನಕ್ಕೆ ಕಡಿಮೆ ಆಗಲೇಬಾರದು, ನಾನು ಹದಿನಾಲ್ಕು ನಿಲ್ಲಿಸುತ್ತೇನೆ. ಕಂಬ ಬಿಚ್ಚುವುದಕ್ಕೆ ಸೆಂಟ್ರಿಂಗಿನವರು ಒಂದು ವಾರಕ್ಕೇ ಬರುತ್ತಾರೆ. ಅವರ ಶೀಟು ಮುಂದಿನ ಸೈಟಿಗೆ ಹೋಗಬೇಕಲ್ಲ. ತಾರಸಿಗೆ ಹದಿನಾಲ್ಕು ದಿನ, ಬೀಮಿಗೂ ಬಾಲ್ಕನಿಗೂ ಇಪ್ಪತ್ತೊಂದು ದಿನ ಬಿಚ್ಚಲು ಬಿಡುವುದಿಲ್ಲ ಎಂದು ಬಾಡಿಗೆ ಮಾತಾಡುವಾಗಲೇ ಹೇಳಿರಬೇಕು. ನಾನು ಇದ್ದಿಲು ತಗೊಂಡು ಬಾಗಿಲ ಪಕ್ಕದ ಗೋಡೆ ಮೇಲೆ ಎರಡು ತಾರೀಕು ದೊಡ್ಡದಾಗಿ ಬರೆಯುತ್ತೇನೆ, ಹಾಕಿದ ದಿನ, ಬಿಚ್ಚುವ ದಿನ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಮೇಸ್ತ್ರಿಯ ಸಹಿ.