ನರಹುಲಿಗೆ ಇಮಿಕ್ವಿಮೋಡ್: ಹಚ್ಚುವುದು ಹೇಗೆ, ತೊಳೆಯುವುದು ಯಾವಾಗ?

ಗುಪ್ತಾಂಗದ ಸುತ್ತ ನರಹುಲಿ ಎದ್ದರೆ ಕೋಲಾರದ ಕಡೆ ಎಷ್ಟೋ ಜನಕ್ಕೆ ಮೊದಲು ನೆನಪಾಗುವುದು ಎಕ್ಕದ ಹಾಲು, ಇಲ್ಲವೇ ಸುಣ್ಣ. ಎರಡೂ ಚರ್ಮ ಸುಡುತ್ತವೆ. ಅದಾದ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಪಿಸುದನಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಟ್ಯೂಬು ತರುತ್ತಾರೆ. ಅದು ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಅಡಗಿಸುತ್ತದೆ. ಬೇಕಿರುವುದು ಅದಕ್ಕೆ ತದ್ವಿರುದ್ಧ.

ಇಮಿಕ್ವಿಮೋಡ್ ಶೇ 5ರ ಕ್ರೀಮ್ ನರಹುಲಿ ಎಬ್ಬಿಸುವ ಎಚ್‌ಪಿವಿ ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಚರ್ಮದಲ್ಲಿರುವ ರಕ್ಷಣಾ ಕೋಶಗಳನ್ನು ಎಬ್ಬಿಸಿ ವೈರಸ್ ವಿರುದ್ಧ ಹೋರಾಡುವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಬಿಡುಗಡೆ ಮಾಡಿಸುತ್ತದೆ; ಮಿಕ್ಕ ಕೆಲಸ ದೇಹದ್ದು. ಹಾಗಾಗಿ ಫಲ ನಿಧಾನ.

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿಕೊಳ್ಳಿ. ಗರ್ಭಿಣಿಯಾಗಿದ್ದರೆ ಮುಚ್ಚಿಡದೆ ಹೇಳಿ.

ವಾರಕ್ಕೆ ಮೂರು ರಾತ್ರಿ, ದಿನ ಬಿಟ್ಟು ದಿನ. ಸೋಮವಾರ, ಬುಧವಾರ, ಶುಕ್ರವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ. ಜಾಗ ತೊಳೆದು, ಪೂರ್ತಿ ಒಣಗಿಸಿ.

ಎಡವಟ್ಟಾಗುವುದು ಮುಂದಿನ ಹಂತದಲ್ಲಿ. ಸ್ಯಾಶೆ ಒಡೆದಿದೆಯಲ್ಲಾ ಎಂದು ಪೂರ್ತಿ ಬಳಿಯಬೇಡಿ. ಬೆರಳ ತುದಿಯಲ್ಲಿ ಚೂರೇ ಚೂರು ತೆಗೆದು, ನರಹುಲಿಯ ಮೇಲಷ್ಟೇ ಇಟ್ಟು, ಬಿಳಿ ಬಣ್ಣ ಕಾಣದಾಗುವವರೆಗೆ ಉಜ್ಜಿ. ಬಿಳಿ ಉಳಿದಿದೆ ಅಂದರೆ ಜಾಸ್ತಿ ಆಗಿದೆ ಅಂತಲೇ ಲೆಕ್ಕ. ಸ್ಯಾಶೆಯಲ್ಲಿ ಮಿಕ್ಕಿದ್ದನ್ನು ಎಸೆಯಿರಿ. ಪಿನ್ನು ಹಾಕಿ ನಾಳೆಗೆ ಎತ್ತಿಡುವ ಉಳಿತಾಯ ಬೇಡ. ಯೋನಿಯ ಒಳಗೆ, ಗುದದ ಒಳಗೆ ಹಚ್ಚಲೇಬಾರದು. ಮೇಲೆ ಪ್ಲಾಸ್ಟರ್ ಬೇಡ, ಸಡಿಲವಾದ ಹತ್ತಿಯ ಒಳಉಡುಪು ಸಾಕು. ಹಚ್ಚುವ ಮೊದಲೂ ಆಮೇಲೂ ಕೈ ತೊಳೆಯಿರಿ.

6ರಿಂದ 10 ಗಂಟೆ ಬಿಟ್ಟು ಮೆದು ಸೋಪಿನಲ್ಲಿ ತೊಳೆಯಬೇಕು. ನಸುಕಿನ ಮೂರಕ್ಕೇ ಎದ್ದು ಎಪಿಎಂಸಿಗೆ ಟೊಮೆಟೊ ಸಾಗಿಸುವವರು ರಾತ್ರಿ ಎಂಟಕ್ಕೇ ಹಚ್ಚಿಕೊಂಡರೆ ಹೊರಡುವ ಮುನ್ನ ತೊಳೆಯಬಹುದು. ತೊಳೆಯದೆ ಹೊರಟು ದಿನವಿಡೀ ಬೆವರಿದರೆ ಉರಿ ಹೆಚ್ಚಬಹುದು. ಕ್ರೀಮ್ ಮೈಮೇಲಿರುವಾಗ ಸಂಭೋಗ ಬೇಡ. ಕ್ರೀಮ್ ಕಾಂಡೋಮನ್ನೂ ದುರ್ಬಲಗೊಳಿಸಬಹುದು.

ಕೆಲವು ವಾರಗಳಲ್ಲಿ ಜಾಗ ಕೆಂಪಾಗಿ ನವೆಯಾಗುತ್ತದೆ, ಸಿಪ್ಪೆ ಏಳುತ್ತದೆ, ಕೆಲವರಿಗೆ ಹಕ್ಕಳೆ ಕಟ್ಟುತ್ತದೆ. ಎಷ್ಟೋ ಜನ ಔಷಧಿ ನಿಲ್ಲಿಸಿಬಿಡುವುದು ಈ ಹಂತದಲ್ಲೇ. ಕೆಲವರು ಅರಿಶಿನ ಮೆತ್ತುತ್ತಾರೆ, ಇಲ್ಲವೇ ಆ ಹಳೇ ಸ್ಟೀರಾಯ್ಡ್ ಟ್ಯೂಬು ಹುಡುಕುತ್ತಾರೆ. ಎರಡೂ ಬೇಡ. ಸಣ್ಣ ಉರಿ ಇದ್ದರೆ ಮುಂದುವರಿಸಿ. ತಡೆಯಲಾರದಷ್ಟಾದರೆ, ಹುಣ್ಣಾದರೆ, ಊದಿಕೊಂಡು ಮೂತ್ರಕ್ಕೆ ತೊಂದರೆಯಾದರೆ ಕ್ರೀಮ್ ತೊಳೆದು ನಿಲ್ಲಿಸಿ, ಡಾಕ್ಟರನ್ನು ಕೇಳಿ. ಕೆಲವು ದಿನ ಬಿಡುವು ಕೊಟ್ಟು ಮತ್ತೆ ಶುರು ಮಾಡಿಸುತ್ತಾರೆ. ಜ್ವರ, ಮೈಕೈ ನೋವು ಬಂದರೂ ತಿಳಿಸಿ. ತಪ್ಪಿದ ಸರದಿಗೆ ಬದಲಾಗಿ ಮಾರನೇ ಸಲ ದುಪ್ಪಟ್ಟು ಹಚ್ಚಬೇಡಿ.

ನರಹುಲಿ ಪೂರ್ತಿ ಹೋದ ದಿನ ನಿಲ್ಲಿಸಿ. ಹೋಗದಿದ್ದರೂ 16 ವಾರ ದಾಟಿಸಬೇಡಿ. ಮತ್ತೆ ಎದ್ದರೆ ಉಳಿದ ಸ್ಯಾಶೆ ಒಡೆಯುವ ಮೊದಲು ಡಾಕ್ಟರಿಗೆ ತೋರಿಸಿ.